ಪಟ್ಟಿಯಲ್ಲಿ ಇಲ್ಲದ ಹಸುಗಳು

ನನ್ನ ಚಿಕ್ಕಪ್ಪ ಟಿವಿ ನೋಡುವ ಮನುಷ್ಯನಲ್ಲ. ಗೂಡಲೂರಿನಲ್ಲಿ ನಮ್ಮ ಕುಲದ ದೇವರ ಹಟ್ಟಿಯಿದೆ. ಅಲ್ಲಿ ನಲವತ್ತು ವರ್ಷಗಳಿಂದ ದನ ಕಾಯುತ್ತಿರುವ ಅವರಿಗೆ ಸುದ್ದಿಯೆಂದರೆ ಯಾವ ಹಸು ಕರು ಹಾಕಿತು ಎಂಬುದಷ್ಟೇ. ಅಂಥವರು ಹೊಸ ಸರ್ಕಾರದ ಮೊದಲ ಅಧಿವೇಶನದ ದಿನ ಬೆಳಿಗ್ಗೆಯೇ ಮಿಂದು, ಒಗೆದ ಪಂಚೆ ಉಟ್ಟು, ನಮ್ಮ ಮನೆಯ ಟಿವಿ ಮುಂದೆ ಬಂದು ಕೂತರು. ಯಾವ ಯಾವ ಕಾನೂನು ತರುತ್ತೇವೆಂದು ಅವತ್ತು ಸಭೆಯಲ್ಲಿ ಓದಿ ಹೇಳುವವರಿದ್ದರು.

ಹಟ್ಟಿಯ ದನಗಳು ದೇವರವು. ಅವುಗಳ ಹಾಲು ಮಾರುವುದಿಲ್ಲ, ಕೊರಳಿಗೆ ಹಗ್ಗ ಹಾಕುವುದಿಲ್ಲ. ಬಾಗಿಲು ತೆಗೆದರೆ ತಾವಾಗಿಯೇ ಬೆಟ್ಟ ಹತ್ತಿ, ಮೇಯ್ದು, ಸಂಜೆಗೆ ಇಳಿದು ಬರುತ್ತಿದ್ದವು. ಈಗ ಕಾಡಿನಲ್ಲಿ ಮೇಯಿಸುವಂತಿಲ್ಲ. ಕೆಳಗೆ ನೋಡಿದರೆ ಸುತ್ತಲೂ ಭತ್ತ, ಬಾಳೆ, ದ್ರಾಕ್ಷಿ. ಹಗ್ಗವಿಲ್ಲದ ದನ ಅಲ್ಲಿಗೆ ನುಗ್ಗಿದರೆ ಊರಿನ ಜಗಳವೆಲ್ಲ ಹಟ್ಟಿಗೇ ಬರುತ್ತದೆ. ಕುಲದವರೆಲ್ಲ ಸರದಿಯಂತೆ ಹುಲ್ಲು ಹೊತ್ತು ತಂದು ಹಾಕುತ್ತಿದ್ದೆವು. ಕಾಡಿನಲ್ಲಿ ಮೇಯಿಸುವ ಹಕ್ಕು ಕೊಡುವ ಕಾನೂನು ಬಂದರೆ ಮಾತ್ರ ಉಳಿಗಾಲವಿತ್ತು.

ಈಗ ಗೆದ್ದಿರುವ ಪಕ್ಷದ ಪರ ಮತ ಕೇಳಲು ಬಂದವನು ಅದನ್ನು ತಂದೇ ತರುತ್ತೇನೆ ಎಂದಿದ್ದ. ಚಿಕ್ಕಪ್ಪ ನಂಬಿಬಿಟ್ಟರು. ನಂಬಿದ್ದಕ್ಕೆ ಕಾರಣ, ಯಾರೂ ಹೇಳದೆಯೇ ಅವನು ಚಪ್ಪಲಿಯನ್ನು ಹಟ್ಟಿಯ ಹೊರಗೆ ಬಿಟ್ಟು ಬಂದಿದ್ದು.

"ಸೆರುಪ್ಪು ಬಿಟ್ ಬಂದವ್ನು ದೇವ್ರ ಮುಂದೆ ಪೊಯ್ ಏಳ್ತಾನಾ ತಾಯೀ?" ಎಂದರು, ತಮಿಳು ಬೆರೆತ ನಮ್ಮ ಕನ್ನಡದಲ್ಲಿ.

ಬರಿಗಾಲಲ್ಲೂ ಸುಳ್ಳು ಹೇಳಬಹುದು ಎಂದು ನಾಲಿಗೆ ತುದಿಗೆ ಬಂದಿತ್ತು. ಅವರ ಮುಖ ನೋಡಿ ಟಿವಿಯ ದನಿ ಏರಿಸಿದೆ.

ಪಟ್ಟಿ ಉದ್ದವಿತ್ತು. ವಿಶ್ವವಿದ್ಯಾಲಯ, ನಗರದ ಕಟ್ಟಡ, ಜಮೀನು ನೋಂದಣಿ. ಒಂದೊಂದಕ್ಕೂ ಚಿಕ್ಕಪ್ಪ ತಲೆಯಾಡಿಸಿ, "ಅದೂ ಬೇಕಲ್ಲ," ಎನ್ನುತ್ತಿದ್ದರು, ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವರ ಹಾಗೆ. ಕಡೆಗೆ ರಾಷ್ಟ್ರಗೀತೆಗೆ ಸಭೆಯವರೆಲ್ಲ ಎದ್ದು ನಿಂತರು. ಚಿಕ್ಕಪ್ಪನೂ ಎದ್ದು ನಿಂತರು.

"ನಮ್ ದನದ ಸಟ್ಟ ಯಾವಾಗ ಓದ್ತಾರೆ?"

"ಮುಗೀತು ಚಿಕ್ಕಪ್ಪ. ಆ ಕಾನೂನು ಪಟ್ಟೀಲಿಲ್ಲ."

"ಮರ್ತಿರ್ಬೇಕು. ಎಷ್ಟೊಂದು ಕೆಲ್ಸ ಅವ್ರಿಗೆ."

ಸರ್ಕಾರದ ಮೇಲೆ ನನಗೆ ಮೈಯೆಲ್ಲ ಉರಿಯಿತು. ಆ ಸರ್ಕಾರದ ಪರವಾಗಿ ನನ್ನನ್ನೇ ಸಮಾಧಾನ ಮಾಡುತ್ತಿದ್ದ ಈ ಮುದುಕನನ್ನು ಕಂಡು ಅಳುವೂ ಬಂತು.

ಒಂದು ವಾರ ಬಿಟ್ಟು ಹಟ್ಟಿಗೆ ಹೋದೆ. ಹುಲ್ಲು ಮುಗಿದಿತ್ತು. ನೆಂಟರೊಬ್ಬರು ತಮ್ಮ ಕೊಯ್ಲಾದ ಗದ್ದೆಯಲ್ಲಿ ದನಗಳಿಗೆ ಮೇಯಲು ಜಾಗ ಕೊಡಲು ಒಪ್ಪಿದ್ದರು, ಕಟ್ಟಿ ಮೇಯಿಸುವುದಾದರೆ ಮಾತ್ರ. ಚಿಕ್ಕಪ್ಪ ಹೊಸ ಹಗ್ಗ ಹಿಡಿದು ಎಲ್ಲಕ್ಕಿಂತ ಹಿರಿಯ ಹಸುವಿನ ಪಕ್ಕ ನಿಂತಿದ್ದರು. ಅದು ಅವರ ತೋಳು ನೆಕ್ಕುತ್ತಿತ್ತು. ನನ್ನನ್ನು ಕಂಡವರೇ ಹಗ್ಗವನ್ನು ನನ್ನತ್ತ ಚಾಚಿದರು.

"ನಿನ್ ಅತ್ತೆ ಮನೇಲಿ ಅಸು ಕಟ್ತೀಯಲ್ಲ ತಾಯೀ. ಗಂಟು ಎಂಗಾಕೋದು, ಕೊಂಜ ತೋರ್ಸು. ನಂಗೆ ಗೊತ್ತಿಲ್ಲ."