ಕೊಟ್ಟಿಗೆಯಲ್ಲಿ ತಂಗಿಯ ಹೊಲಿಗೆ ಅಂಗಡಿ

ತಿಂಗಳಿಗೆ ಎಂಟುನೂರು ರೂಪಾಯಿ ಬಾಡಿಗೆ, ಜೊತೆಗೆ ಮನೆಯೊಡತಿಗೆ ಹಬ್ಬಕ್ಕೊಂದು ರವಿಕೆ ಪುಕ್ಕಟೆ. ಮಳವಳ್ಳಿಯಲ್ಲಿ ರಸ್ತೆಗೆ ಮುಖವಿರುವ ಜಾಗ ಅಷ್ಟಕ್ಕೆ ಸಿಗುವುದುಂಟೇ? ಸಿಕ್ಕಿತು, ಯಾಕೆಂದರೆ ಅದು ದನದ ಕೊಟ್ಟಿಗೆ. ಮನೆಯೊಡತಿ ಅಜ್ಜಿ ಹಸುಗಳನ್ನು ಮಾರಿದ ಮೇಲೆ ಖಾಲಿ ಬಿದ್ದಿತ್ತು. ನಾನು ಮದ್ದೂರಿನಲ್ಲಿ ಹಳೇ ಬಾಗಿಲು, ಕಿಟಕಿ ಮಾರುವವನು. ಯಾರೂ ತಿರುಗಿ ನೋಡದ್ದರ ಬೆಲೆ ಕಟ್ಟುವುದೇ ನನ್ನ ಕಸುಬು.

ಅಂಗಡಿ ಬೇಕಾಗಿದ್ದದ್ದು ನನ್ನ ತಂಗಿಗೆ. ಗಂಡ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಇನ್ನು ಅವಳ ಹೊಲಿಗೆಯಿಂದಲೇ ಮನೆ ನಡೆಯಬೇಕು. ಜಾಗ ನೋಡಿದ್ದೇ ಅವಳ ಮುಖ ಇಳಿದುಹೋಯಿತು. ಗಂಜಲದ ವಾಸನೆಗೆ ರೇಷ್ಮೆ ಸೀರೆಯವರು ಬರುತ್ತಾರಾ ಎಂದಳು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಸುಮ್ಮನಿರಲಿಲ್ಲ.

"ಎಲ್ರೂ ಮನೆ ಒಕ್ಲಿಗೆ ಅಂತ ಹಸ ಉಡಿಕ್ಕಂಡ್ ಬತ್ತಾರೆ. ನಿಂಗೆ ಮೊದ್ಲೇ ಬಂದು ಇದ್ದು ಓಗವೆ ಕಣವ್ವ."

ತಂಗಿ ನಗಲಿಲ್ಲ. "ಏಸಪ್ಪ ಹುಟ್ಟಿದ್ದೂ ಕೊಟ್ಗೇಲೆ ಕಣವ್ವ" ಅಂದೆ ನಾನು.

"ಆವಪ್ಪ ಅಲ್ಲಿ ರವಿಕೆ ಒಲಿಯಕ್ ಕುಂತಿರ್ನಿಲ್ಲ ಬುಡಣ್ಣ" ಅಂದಳು.

ಅವಳ ಮಾತಿನಲ್ಲೂ ನ್ಯಾಯವಿತ್ತು. ಡಿಸೆಂಬರಿನಲ್ಲಿ ಕ್ರಿಸ್ಮಸ್ಸಿಗೆಂದು ನಾವು ಹತ್ತಿ ಅಂಟಿಸಿ, ಬಣ್ಣದ ಲೈಟು ಬಿಟ್ಟು ಕಟ್ಟುವ ಕೊಟ್ಟಿಗೆಗೆ ವಾಸನೆ ಇರುವುದಿಲ್ಲ. ನಿಜವಾದದ್ದಕ್ಕೆ ಇರುತ್ತದೆ. ಏಸಪ್ಪನ ಸಾಕುತಂದೆ ಯೋಸೇಫ ಒಳಗೆ ಬಂದವನೇ ಮೊದಲು ಪೊರಕೆ ಹುಡುಕಿರಬೇಕು ಎಂದು ನನ್ನ ಎಣಿಕೆ. ದೀನತೆ ಎಂದರೆ ಗಲೀಜಿನಲ್ಲಿ ಕೂರುವುದಲ್ಲ. ನೆಲದ ಚಪ್ಪಡಿ ಎಬ್ಬಿಸಿ ಅಡಿಯ ಮಣ್ಣು ತೆಗೆಸಿದೆ, ಗೋಡೆಗೆ ಸುಣ್ಣ ಹೊಡೆಸಿದೆ. ಮೇವು ಹಾಕುವ ಗೋದಲಿಯ ಕಟ್ಟೆಯನ್ನು ಹಾಗೇ ಬಿಟ್ಟೆ. ಒಡೆಸುವುದಕ್ಕೂ ಕೂಲಿ ಕೊಡಬೇಕಲ್ಲ.

ಪೇಟೆಯ ಅಂಗಡಿಗಳ ಹಾಗೆ ಗಾಜಿನ ಬಾಗಿಲು ಬೇಕೇ ಬೇಕು ಎಂದು ತಂಗಿ ಹಟ ಹಿಡಿದಳು. ಇಲ್ಲವಾದರೆ ಇದನ್ನು ಬಿಟ್ಟು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವುದಾಗಿ ಹೇಳಿದಳು. ಕೊಟ್ಟಿಗೆ ಅವಳ ಮನೆಗೆ ನಾಲ್ಕೇ ಹೆಜ್ಜೆ; ಗಾರ್ಮೆಂಟ್ಸಿಗೆ ಹೋದರೆ ಹಾಸಿಗೆ ಹಿಡಿದ ಗಂಡ ದಿನವಿಡೀ ಒಬ್ಬನೇ. ಕೆಡವುತ್ತಿದ್ದ ಚಿನ್ನದಂಗಡಿಯೊಂದರ ಬಾಗಿಲಿಗೆ ನಾನು ಹೊಂಚು ಹಾಕಿ ಕೂತೆ.

ಅಷ್ಟರಲ್ಲಿ ಅಂಗಡಿ ಶುರುವಾಯಿತು. ಬಂದದ್ದು ರೇಷ್ಮೆಯಲ್ಲ, ಹರಿದ ನೈಟಿ, ಲಂಗ, ಮಕ್ಕಳ ಯೂನಿಫಾರಂ. ನಾಟಿ ಮುಗಿಸಿ ಬಸ್ಸಿಗೆ ಹೊರಟ ಹೆಂಗಸರು ಕೆಸರುಗಾಲಿನಲ್ಲೇ ಒಳಗೆ ಬಂದು ಗೋದಲಿ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದರು. ಅವರಿಗೆ ಅದು ಗೊತ್ತಿರುವ ಜಾಗ, ಸಂಕೋಚವಿಲ್ಲ. ಹೊಲಿಗೆ ಹಿಡಿಸಿದ ಮೇಲೆ ಮಗಳ ಮದುವೆಯ ರವಿಕೆಗಳನ್ನೂ ತಂದರು.

ಕೊನೆಗೂ ಬಾಗಿಲನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋದೆ. ತಂಗಿ ಮಿಷನ್ನು ಬಿಟ್ಟು ಏಳಲೇ ಇಲ್ಲ.

"ವಾಪಸ್ ತಕಂಡೋಗಣ್ಣ. ಗಾಜಿನ ಬಾಗ್ಲು ಆಕುದ್ರೆ ಇವರ್ಯಾರೂ ಒಳೀಕೆ ಬರಕಿಲ್ಲ. ಅಂತಾ ಅಂಗ್ಡಿ ಮುಂದೆ ನಿಂತು ನಿಂತು ವಾಪಸ್ ಬಂದೋಳು ಕಣಣ್ಣ ನಾನೂವೆ."

ಬಾಗಿಲನ್ನು ಮಂಡ್ಯದ ಮೊಬೈಲ್ ಅಂಗಡಿಗೆ ಮಾರಿದೆ, ಲಾಭಕ್ಕೇ. ಆದರೆ ಅವಳ ಮಾತು ತಲೆಯಲ್ಲೇ ಉಳಿಯಿತು. ಏಸಪ್ಪ ಅರಮನೆಯಲ್ಲಿ ಹುಟ್ಟಿದ್ದರೆ ಕುರಿ ಕಾಯುವವರು ಆ ಮಗುವನ್ನು ನೋಡಲು ಆಗುತ್ತಿತ್ತೇ? ಕಾವಲಿನವನು ಗೇಟಲ್ಲೇ ಅಟ್ಟುತ್ತಿದ್ದ. ಕೊಟ್ಟಿಗೆ ಎಂದರೆ ಅರಮನೆಗೆ ಕಟ್ಟುವ ಮೊದಲ ಕಂತು ಅಂತ ನಾನು ತಿಳಿದಿದ್ದೆ. ಆತ ಆಮೇಲೂ ದೊಡ್ಡ ಮನೆ ಕಟ್ಟಲಿಲ್ಲ. ಸತ್ತ ಮೇಲೆ ಆತನನ್ನು ಇಟ್ಟ ಸಮಾಧಿಯೂ ಇನ್ನೊಬ್ಬರದು. ಚಿಕ್ಕದು ದೊಡ್ಡದಾಗಲೇಬೇಕೆಂದಿಲ್ಲ. ಯಾರು ಬೇಕಾದರೂ ಒಳಗೆ ಬರುವಂತಿದ್ದರೆ ಸಾಕು.

ನೀವೂ ಏನಾದರೂ ಶುರು ಮಾಡುವುದಿದ್ದರೆ, ಜಾಗ ನೋಡಲು ಮಳೆಯ ಮಾರನೇ ದಿನ ಹೋಗಿ. ಸೋರುವುದು, ನಾರುವುದು ಎಲ್ಲ ಗೊತ್ತಾಗುತ್ತದೆ. ಬಾಡಿಗೆ ಮಾತಾಡುವಾಗ ಹೊಗಳಬೇಡಿ, ಹೀಯಾಳಿಸಲೂ ಬೇಡಿ. ಮಾಲೀಕರು ಬದುಕಿದ ಜಾಗ ಅದು. ಚೊಕ್ಕಟ ಮಾಡಲು ಧಾರಾಳವಾಗಿ ಖರ್ಚು ಮಾಡಿ, ತೋರಿಕೆಗೆ ಕೈ ಬಿಗಿ ಹಿಡಿಯಿರಿ. ಕೂಲಿ ಮುಗಿಸಿ ಬರುವ ಹೆಂಗಸೊಬ್ಬಳನ್ನು ಒಳಗೆ ಕರೆದು ನೋಡಿ. ಅವಳು ಹೊಸಿಲಲ್ಲೇ ತಡೆದು ನಿಂತರೆ, ತಡೆದದ್ದು ಏನೆಂದು ಕೇಳಿ, ಅವತ್ತೇ ಅದನ್ನು ತೆಗೆಸಿಬಿಡಿ.