ಕಂಬಳಿ ಸುತ್ತಿದ ಕಂಪ್ಯೂಟರ್, ಶಿಕಾರಿಪುರದ ಬಸ್ಸು

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಶನಿವಾರ ಬೆಳಿಗ್ಗೆ ಏಳೂವರೆಗೆ ಕುಪ್ಪಗಡ್ಡೆಯಿಂದ ಹೊರಟೆವು: ನಾನು, ಹೆಂಡತಿ ಗಿರಿಜಾ, ಮತ್ತು ಕಂಬಳಿಯಲ್ಲಿ ಸುತ್ತಿದ ಕೆಟ್ಟ ಕಂಪ್ಯೂಟರ್. ಗಿರಿಜಾ ರವಿಕೆಗಳಿಗೆ ಮಿಷನ್ ಕಸೂತಿ ಹಾಕಿಕೊಡುತ್ತಾಳೆ. ಆರು ವರ್ಷದಿಂದ ಅವಳು ಬಿಡಿಸಿದ ಡಿಸೈನುಗಳೆಲ್ಲ ಆ ಪೆಟ್ಟಿಗೆಯೊಳಗಿದ್ದವು. ಬೇರೆಲ್ಲೂ ನಕಲು ಇರಲಿಲ್ಲ. ಅವು ಹೋದರೆ ಅವಳ ಕಸುಬೇ ಹೋದಂತೆ.

ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಪುಕ್ಕಟೆ, ನನಗೆ ಪೂರ್ತಿ ಟಿಕೆಟ್. ದಾರಿಯುದ್ದಕ್ಕೂ ನಾನು ಒಂದೇ ರಾಗ ಎಳೆದೆ.

"ಹಗಲು ರಾತ್ರಿ ಉರಿಸಿ ನೀನೇ ಅದನ್ನ ಕೆಡಿಸ್ದೆ. ಈ ಸಲ ಕಂಪನಿ ಸೆಟ್ಟೇ ತಗೊಳ್ಳೋದು. ಸೀಲ್ ಇರ್ತದೆ, ಯಾರೂ ಕೈ ಹಾಕಂಗಿಲ್ಲ."

"ಬಿಡಿ ಸಾಮಾನು ತಂದು ಜೋಡ್ಸಿದ್ರೆ ಹಳೇದ್ರಲ್ಲಿ ಚೆನ್ನಾಗಿರೋದನ್ನ ಉಳಿಸ್ಕೋಬಹುದು ಕಣ್ರಿ" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವ ಮುಂಚೆ ಮಂಡಕ್ಕಿ, ಮಿರ್ಚಿ ತಿಂದೆವು. ಅವಳು ಅರ್ಧವೇ ತಿಂದಳು. ಇನ್ನೊಂದು ಕೈ ಕಂಬಳಿಯ ಮೇಲೇ ಇತ್ತು.

ಶಿಕಾರಿಪುರದ ಬಸ್ ನಿಲ್ದಾಣದಿಂದ ಕಂಪ್ಯೂಟರ್ ಅಂಗಡಿಗೆ ಹತ್ತು ನಿಮಿಷದ ನಡಿಗೆ. ಕಂಪನಿ ಸೆಟ್ಟಿನ ಬೆಲೆ ಕೇಳಿ ನಾನು ಕೂರಲು ಕುರ್ಚಿ ಹುಡುಕಿದೆ.

"ರ‍್ಯಾಮ್ ರೇಟು ಬಂಗಾರ ಆಗೇತ್ರಿ ಯಜಮಾನ್ರೆ. ಹೋದ ವರ್ಷದ್ದು ಮರೆತುಬಿಡ್ರಿ" ಎಂದರು ಅಂಗಡಿಯವರು. "ಮೊದ್ಲು ಹಳೇದು ಬಿಚ್ಚಿ ನೋಡೋಣ."

ತಿರುಪು ಬಿಚ್ಚಿ ಮುಚ್ಚಳ ಸರಿಸಿದವರು ಹಾಗೇ ನಿಂತರು. ನಾನೂ ಇಣುಕಿದೆ. ಫ್ಯಾನಿನ ಮೇಲೆ ವಿಭೂತಿ ಗಟ್ಟಿಯಾಗಿ ಕೂತಿತ್ತು. ಸಂದಿಯಲ್ಲಿ ಅಕ್ಷತೆ ಕಾಳು, ಒಣಗಿದ ಚೆಂಡುಹೂವಿನ ಎಸಳು. ಬೋರ್ಡಿನ ಮೇಲೆ ನೀರು ಬಿದ್ದು ಹಸಿರುಗಟ್ಟಿದ ಕಲೆಗಳು.

"ಇದಕ್ಕೆ ಪೂಜೆ ಮಾಡೋರು ಯಾರ್ರಿ?"

ಗಿರಿಜಾ ನನ್ನ ಕಡೆ ನೋಡಿದಳು. ಹೊರಗೆ ಹಚ್ಚಿದರೆ ಏನು ಫಲ, ಒಳಗಿನ ಯಂತ್ರಕ್ಕೂ ಸೇರಲಿ ಎಂದು ಆಯುಧಪೂಜೆಗೆ, ಸಾಲದ್ದಕ್ಕೆ ಪ್ರತಿ ಸೋಮವಾರವೂ, ಗಾಳಿಕಿಂಡಿಯೊಳಗೆ ವಿಭೂತಿ ಊದಿ, ಅಕ್ಷತೆ, ಹೂವು ಹಾಕಿ, ತೀರ್ಥ ಚಿಮುಕಿಸಿದವನು ನಾನೇ. ಟ್ರ್ಯಾಕ್ಟರಿಗೂ ಹಾಗೇ ಮಾಡುತ್ತೇನೆ, ಅದಕ್ಕೆ ಏನೂ ಆಗಿಲ್ಲ. ಅದು ಕೆಟ್ಟಾಗಿನಿಂದ ಮೂರು ವಾರ ಅವಳನ್ನು ಬೈದದ್ದೆಲ್ಲ ನೆನಪಾಗಿ ನಾಚಿಕೆಯಿಂದ ಮುಖ ಬಿಸಿಯಾಯಿತು.

"ನಾನೇರಿ" ಎಂದೆ. "ಡಿಸೈನಿರೋ ಡಿಸ್ಕು ಉಳಿದಿದೆಯಾ?"

ಅವರು ಅದನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರು. ಗಿರಿಜಾ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ನವಿಲು, ಮಾವಿನಕಾಯಿ, ಬಳ್ಳಿ ಒಂದೊಂದಾಗಿ ಪರದೆಯ ಮೇಲೆ ಮೂಡಿದವು. ಅವಳು ಅಲ್ಲೇ ಅತ್ತುಬಿಟ್ಟಳು.

"ಬೋರ್ಡು, ಪ್ರೊಸೆಸರು ಹೋಗ್ಯಾವೆ. ಡಿಸ್ಕು, ರ‍್ಯಾಮ್ ಚೆನ್ನಾಗದಾವೆ. ಇವನ್ನೇ ಹಾಕಿ ಜೋಡಿಸ್ಲಾ, ಹೊಸ ಸೆಟ್ಟು ಕೊಡ್ಲಾ?" ಅವರು ಕೇಳಿದ್ದು ನನ್ನನ್ನು.

"ಅವಳನ್ನ ಕೇಳ್ರಿ" ಎಂದೆ.

"ಜೋಡ್ಸಿಕೊಡಿ. ಕಿಂಡಿಗೆಲ್ಲ ಸಣ್ಣ ಜಾಲರಿ ಹಾಕಿ" ಎಂದಳು.

ಸಂಜೆ ಐದರ ಬಸ್ಸಿಗೆ ಹತ್ತಿದೆವು. ಕಂಬಳಿ ಸುತ್ತಿದ ಪೆಟ್ಟಿಗೆ ಅವಳ ಮಡಿಲಲ್ಲಿತ್ತು. ಶಿಕಾರಿಪುರ ಹಿಂದೆ ಸರಿದ ಮೇಲೆ "ತಪ್ಪಾಯ್ತು ಗಿರಿಜಾ" ಎಂದೆ. ಅವಳು ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲಿಟ್ಟು, ಕಂಬಳಿಯ ಅಂಚನ್ನು ತಾನೇ ಬಿಗಿಯಾಗಿ ಮುಚ್ಚಿದಳು.

"ನಾಡಿದ್ದು ಸೋಮವಾರ. ಟ್ರ್ಯಾಕ್ಟರಿಗೇ ಎರಡು ಸಲ ಪೂಜೆ ಮಾಡ್ರಿ."