ತಲಾಟಿ ಕಾಕಾ ಹಾಕಿದ ಕೆಂಪು ದುಂಡು

ತಲಾಟಿ ಕಾಕಾ ಊಟಕ್ಕೆ ಕುಳಿತರೂ ಕಿವಿಯ ಮೇಲಿನ ಕೆಂಪು ಪೆನ್ಸಿಲ್ ತೆಗೆಯುತ್ತಿರಲಿಲ್ಲ. ಪಾರಿಶ್ವಾಡದ ಜಮೀನುಗಳ ದಾಖಲೆ ಬರೆಯುವುದು ಅವರ ಕೆಲಸ. ಯಾರದಾದರೂ ಮನೆಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಬಾಕಿಯಿದ್ದರೆ ಆ ಹೆಸರಿನ ಸುತ್ತ ಕೆಂಪು ದುಂಡು ಹಾಕುವರು. ಅದು ಅವರೊಬ್ಬರದೇ ರೂಢಿ. ಉಳಿದ ತಲಾಟಿಗಳು ದುಂಡು ಹಾಕುತ್ತಿದ್ದುದು ಸತ್ತವರ ಹೆಸರಿಗೆ.

ಆಗ ಖಾನಾಪುರದ ತಾಲೂಕು ಕಚೇರಿಗೆ ಕಂಪ್ಯೂಟರ್ ಬಂದ ಹೊಸತು. ಜಮೀನು ಯಾರದೆಂದು ಹೇಳುವ ಉತಾರಗಳನ್ನು ಅದರಲ್ಲಿ ಟೈಪ್ ಮಾಡಲು ನಾನು ದಿನಾ ಹಿಂದವಾಡಿಯಿಂದ ಹೋಗುತ್ತಿದ್ದೆ. ಜನ ಮಾತ್ರ ನಾನು ಕೊಟ್ಟ ಕಾಗದ ನಂಬಲೊಲ್ಲರು. ನೇರ ಕಚೇರಿಯ ಹೊರಗೆ ಕಾಕಾ ಕೂರುತ್ತಿದ್ದ ಕಟ್ಟೆಗೆ ಹೋಗಿ, "ಕಾಕಾ, ಇದು ನಡೀತೈತೇನ್ರಿ?" ಎನ್ನುವರು. ಕಾಕಾ ಕಣ್ಣಾಡಿಸಿ, "ಬರೋಬರಿ ಐತಿ, ಜ್ವಾಕಿ ಇಟ್ಗೋ" ಎಂದರೆ ಮುಗಿಯಿತು. ತಮ್ಮ ಕೈಬರಹವನ್ನು ಮೂಲೆಗೆ ತಳ್ಳುವ ಯಂತ್ರಕ್ಕೆ ಅವರೇ ಜಾಮೀನು! ನಾನು ಕಾಡಿಸಿದರೆ, "ನನ್ನ ಬರಹ ನಾ ಇರೂತನಕ, ತಂಗಿ. ನಿನ್ನ ಮಶಿನ್ ಮಂದಿಗೆ ಉಳೀತೈತಿ" ಎಂದು ನಗುವರು.

ಕುರಿ ಕಾಯುವ ವಿಧವೆ ಯಲ್ಲವ್ವನಿಗೂ ಹಾಗೆಯೇ ಹೇಳಿದ್ದರು: "ಸುಮ್ನ ಖಾನಾಪುರಕ್ಕ ಯಾಕ ಅಲೀತಿ, ಯವ್ವಾ? ನಿನ್ನ ಹೆಸರು ಮಶಿನ್‌ದಾಗ ಭದ್ರ ಐತಿ." ಹೊಲ ಅವಳಿಗೂ ಮೈದುನನಿಗೂ ಕೂಡಿ ಇತ್ತು. ಹಳೆಯ ದಾಖಲೆಯಲ್ಲಿ ಅವಳ ಹೆಸರಿಗೆ ಕೆಂಪು ದುಂಡು. ಸತ್ತಿದ್ದಾಳೆಂದುಕೊಂಡು ನಾನು ಆ ಹೆಸರು ಬಿಟ್ಟೆ. ಕಟ್ಟೆ ಹತ್ತು ಹೆಜ್ಜೆ ದೂರವಿತ್ತು. ಎದ್ದು ಹೋಗಿ ಒಂದು ಮಾತು ಕೇಳಲಿಲ್ಲ, ನನ್ನ ಬುದ್ಧಿಗಿಷ್ಟು! ತನ್ನೊಬ್ಬನದೇ ಹೆಸರಿದ್ದ ಉತಾರ ತೋರಿಸಿ ಮೈದುನ ಹೊಲ ಮಾರಿಬಿಟ್ಟ.

ಸಾಹೇಬರು ವಿಚಾರಣೆಗೆ ಕರೆದಾಗ ಕಾಕಾ ನನ್ನತ್ತ ನೋಡಲೂ ಇಲ್ಲ. "ದುಂಡು ನಂದ್ರಿ, ತಪ್ಪೂ ನಂದ" ಎಂದರು. ನಾನು ಹೇಡಿ, ಬಾಯಿ ಬಿಡಲಿಲ್ಲ. ಯಲ್ಲವ್ವ ಅವರನ್ನು ಬೈಯಲಿಲ್ಲ. "ನಿಮ್ಮನ್ನ ನಂಬಿದ್ನಲ್ರೀ ಯಪ್ಪಾ" ಎಂದಳು, ಅಷ್ಟೇ. ಮರುದಿನದಿಂದ ಕಾಕಾ ಕಟ್ಟೆಗೆ ಬರಲಿಲ್ಲ.

ಎರಡು ವರ್ಷದ ಮೇಲೆ ನೆಹರು ನಗರದ ಆಸ್ಪತ್ರೆಯಲ್ಲಿ ಅವರನ್ನು ಕಂಡೆ. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು. ನನ್ನ ದನಿ ಗುರುತಿಸಿ ಮೊದಲು ಕೇಳಿದ್ದೇ, "ಯಲ್ಲವ್ವನ ಹೆಸರು ಬಂತೇನ, ತಂಗಿ?"

ಖಟ್ಲೆ ಇನ್ನೂ ಕೋರ್ಟಿನಲ್ಲಿತ್ತು. ಅವಳ ವಕೀಲರಿಗೆಂದು ತೆಗೆಸಿದ ಉತಾರ ನನ್ನ ಚೀಲದಲ್ಲೇ ಇತ್ತು. ಅದರಲ್ಲಿ ಹೊಲ ಕೊಂಡವನ ಹೆಸರೊಂದೇ.

"ಬಂತ್ರಿ, ಕಾಕಾ" ಎಂದೆ.

"ಓದು, ಕೇಳೂಣು."

ಕಾಗದ ಬಿಡಿಸಿ, ಅದರಲ್ಲಿಲ್ಲದ ಯಲ್ಲವ್ವನ ಹೆಸರನ್ನು ಗಟ್ಟಿಯಾಗಿ ಓದಿದೆ.

ಕಾಕಾ ಅತ್ತುಬಿಟ್ಟರು. ನನ್ನ ಕೈ ತಡವಿ ಹಿಡಿದು, "ಇಲ್ಯಾಕ ಕುಂತೀ? ಪಾರಿಶ್ವಾಡಕ್ಕ ಹೋಗು. ಇದನ್ನ ಅಕಿ ಕೈಯಾಗ ಕೊಡು. ಇನ್ನ ಅಂಜಬ್ಯಾಡ, ಹೊಲಾ ನಿಂದ ಐತಿ ಅಂತ ಹೇಳಿ ಬಾ" ಎಂದರು.